ಹಸನಬಿಯ ಬೆನ್ನು

ಯಮನವ್ವನ ಕುತ್ತಿಗೆ ಹಳಿಯಾಳದ ಸುತ್ತಮುತ್ತ ಹೆಸರುವಾಸಿ. ಅಖಾಡದಲ್ಲಿ ಅದನ್ನು ಬಗ್ಗಿಸುತ್ತೇನೆಂದು ಬಂದವರು ತಮ್ಮ ಮಣಿಕಟ್ಟು ಉಳುಕಿಸಿಕೊಂಡು ಹೋಗಿದ್ದಾರೆ. ಅಂಥ ಕುತ್ತಿಗೆಯೊಳಗೆ ಒಂದು ಗಂಟು ಹುಟ್ಟಿ ನಿಂಬೆಕಾಯಿಯಷ್ಟಾಗುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಪೈಲ್ವಾನರ ಕುತ್ತಿಗೆಯಲ್ಲವೇ, ದಪ್ಪಗಿದ್ದರೇ ಚೆಂದ ಎಂದು ಊರವರು ಸುಮ್ಮನಿದ್ದರು. ಕೊನೆಗೆ ಅದನ್ನು ಕಂಡುಹಿಡಿದದ್ದು ಅವಳ ಜೊತೆ ಗರಡಿ ನಡೆಸುತ್ತಿದ್ದ ಹಸನಬಿಯ ಮೊಣಕೈ. ಗರಡಿಯ ಹುಡುಗಿಯರಿಗೆ ಒಂದು ಪಟ್ಟು ತೋರಿಸುವಾಗ ಮೊಣಕೈ ಅಲ್ಲಿ ಒತ್ತಿತು, ಯಮನವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಏನಾತು?" ಎಂದಳು ಹಸನಬಿ.

"ಏನೂ ಇಲ್ಲ. ಕಾಲು ಜಾರಿತು."

"ನೀ ಹಿಂದ ಸರದಿ. ಹುಟ್ಟಿದಾಗಿಂದ ಸರದಾಕಿ ಅಲ್ಲ."

ಪೈಲ್ವಾನರಿಗೆ ಒಂದು ವಿದ್ಯೆ ಮೊದಲೇ ಕಲಿಸಿರುತ್ತಾರೆ: ನೋವಾದದ್ದು ಎದುರಾಳಿಗೆ ಗೊತ್ತಾಗಬಾರದು, ಗೊತ್ತಾದರೆ ಅಲ್ಲೇ ಹಿಡಿಯುತ್ತಾರೆ. ಈ ವಿದ್ಯೆ ಅಖಾಡದಲ್ಲಿ ಮಾನ ಉಳಿಸುತ್ತದೆ, ಆಸ್ಪತ್ರೆಯಲ್ಲಿ ಪ್ರಾಣ ತೆಗೆಯುತ್ತದೆ. ಯಮನವ್ವ ಇದನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ನನಗೆ ಅವಳ ಮೇಲೆ ಮರುಕಕ್ಕಿಂತ ಮೊದಲು ಸಿಟ್ಟೇ ಬರುತ್ತದೆ.

ಇಬ್ಬರೂ ಮೊದಲು ವೈರಿಗಳು. ಹರೆಯದಲ್ಲಿ ಒಂದೇ ಒಂದು ಸಲ ಬೆಳಗಾವಿಯಲ್ಲಿ ಎದುರುಬದುರು ನಿಂತು ಕೊಲ್ಲುವಂತೆ ಹಿಡಿದಾಡಿದ್ದರು. ಹಸನಬಿ ಯಮನವ್ವನ ಎಡಗಿವಿಯನ್ನು ಜಜ್ಜಿ ಜನ್ಮಕ್ಕಾಗುವಷ್ಟು ಮುದುಡಿಸಿದಳು. ಯಮನವ್ವ ಹಸನಬಿಯ ಎರಡು ಹಲ್ಲು ಉದುರಿಸಿದಳು. ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿಯಲ್ಲಿ 'ಚಿತ್' ಅನ್ನುತ್ತಾರೆ. ಅಲ್ಲಿಗೆ ಆಟ ಮುಗಿಯಿತು, ಗೆದ್ದವರು ಆ ಕ್ಷಣವೇ ಕೈಬಿಟ್ಟು ಎದ್ದು ನಿಲ್ಲಬೇಕು. ಬಿದ್ದವರ ಮೇಲೆ ಕೈ ಮಾಡಿದವರಿಗೆ ಯಾವ ಗರಡಿಯಲ್ಲೂ ಜಾಗವಿಲ್ಲ. ಅಂದು ಹೊತ್ತು ಮುಗಿದರೂ ಇಬ್ಬರ ಬೆನ್ನೂ ಮಣ್ಣು ಮುಟ್ಟದ್ದರಿಂದ ಸಮಬಲ ಎಂದು ಕೂಗಿದರು. ಮುಂದೆ ಯಮನವ್ವನ ಗಂಡ ತೀರಿಕೊಂಡ, ಹಸನಬಿ ಮದುವೆಯ ಗೋಜಿಗೇ ಹೋಗಲಿಲ್ಲ, ಇಬ್ಬರೂ ಸೇರಿ ಹೆಣ್ಣುಮಕ್ಕಳ ಗರಡಿ ತೆರೆದರು. ಆ ಸಮಬಲದ ಉರಿ ಮಾತ್ರ ಇಬ್ಬರ ಹೊಟ್ಟೆಯಲ್ಲೂ ಹಾಗೇ ಇತ್ತು.

ಗಂಟು ದುಗ್ಧಗ್ರಂಥಿಯ ಕ್ಯಾನ್ಸರ್, ಲಿಂಫೋಮಾ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿದರು. ಡಾಕ್ಟರ್ ಗಿರಿಜಾ ಬಳಿಗಾರ ಮೊದಲು ಹಳೆಯ ಕಾಲದ ಕಿಮೋ ಕೊಟ್ಟರು. ಕಿಮೋಗೆ ಕಣ್ಣಿಲ್ಲ. ಬೇಗ ಬೇಗ ಎರಡಾಗುವ ಜೀವಕೋಶ ಯಾವುದಿದ್ದರೂ ಅದನ್ನು ಕೊಲ್ಲುವುದಷ್ಟೇ ಅದಕ್ಕೆ ಗೊತ್ತು. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ ನಿಜ. ಕೂದಲ ಬುಡದ ಕೋಶವೂ, ಬಾಯಿಯ ಮತ್ತು ಕರುಳಿನ ಒಳಪದರವೂ, ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆಯೂ ಹಾಗೆಯೇ ಬೆಳೆಯುತ್ತವೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದ ಹಾಗಾಯಿತು. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಗಿ ಗಂಜಿ ನುಂಗಿದರೂ ಕಣ್ಣೀರು ಬರುತ್ತಿತ್ತು. ಇಲಿ ಮಾತ್ರ ಒಂದು ಮೂಲೆಯಲ್ಲಿ ಉಳಿದುಕೊಂಡಿತು.

ಆಮೇಲೆ ಗುರಿಯ ಮಾತ್ರೆ. ಕ್ಯಾನ್ಸರ್ ಕೋಶದೊಳಗೆ 'ಬೆಳೆ, ಬೆಳೆ' ಎನ್ನುವ ಒಂದು ಸ್ವಿಚ್ಚನ್ನಷ್ಟೇ ಅದು ಅದುಮಿ ಹಿಡಿಯುತ್ತದೆ, ಬೇರೆಯದರ ತಂಟೆಗೆ ಹೆಚ್ಚು ಹೋಗುವುದಿಲ್ಲ. ಮೈಮೇಲೆ ಗುಳ್ಳೆ ಎದ್ದವು, ಹೊಟ್ಟೆ ಕೆಟ್ಟಿತು, ಗಂಟು ಕರಗಿತು. ಆರು ತಿಂಗಳಲ್ಲಿ ಕ್ಯಾನ್ಸರ್ ಬೇರೊಂದು ಸ್ವಿಚ್ ಮಾಡಿಕೊಂಡಿತು, ಗಂಟು ಮರಳಿ ಬಂತು. ಮೂರನೆಯದು ತಡೆ ತೆಗೆಯುವ ಚುಚ್ಚುಮದ್ದು. ಮೈಯನ್ನು ಕಾಯುವ ಬಿಳಿ ಕಣಗಳಿಗೆ ನಿಸರ್ಗವೇ ಒಂದು ತಡೆ ಹಾಕಿರುತ್ತದೆ. ಕ್ಯಾನ್ಸರ್ ಆ ತಡೆಯನ್ನೇ ಒತ್ತಿ ಅವನ್ನು ಸುಮ್ಮನಿರಿಸುತ್ತದೆ. ಚುಚ್ಚುಮದ್ದು ತಡೆಯನ್ನು ಕಿತ್ತುಹಾಕಿತು. ಬಿಳಿ ಕಣಗಳು ಕ್ಯಾನ್ಸರನ್ನು ಬಿಟ್ಟು ಯಮನವ್ವನ ಕರುಳನ್ನೇ ಕಚ್ಚಿದವು. ಬೇಲಿಯೇ ಎದ್ದು ಹೊಲ ಮೇಯ್ದಿತು, ರಕ್ತಭೇದಿಯಾಗಿ ಅವಳು ಸಾಯುವುದೊಂದು ಬಾಕಿ ಇತ್ತು.

ಉಳಿದದ್ದು ಲಗಾಮು ಒಂದೇ.

ಆ ಹೊತ್ತಿಗೆ ಲಗಾಮು ಎಂಬ ಚಿಕಿತ್ಸೆ ಬಂದು ಏಳೆಂಟು ವರ್ಷವಾಗಿತ್ತು. ರೋಗಿಯ ಬಿಳಿ ಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶದ ಗುರುತು ಕಲಿಸಿ, ಬೆಳೆಸಿ ಮತ್ತೆ ಮೈಗೆ ಬಿಡುವುದು ಅಜ್ಜಂದಿರ ಕಾಲದ ವಿದ್ಯೆ. ಆ ಕಣಗಳು ಕೊಲ್ಲುತ್ತವೆ; ಕೊಲ್ಲುವಾಗ ರಾಸಾಯನಿಕದ ಕೂಗು ಹಾಕಿ ಉಳಿದ ಕಣಗಳನ್ನೂ ಕರೆಯುತ್ತವೆ. ಕೂಗು ಅತಿಯಾದರೆ ಇಡೀ ಮೈ ಹೊತ್ತಿಕೊಳ್ಳುತ್ತದೆ, ಮಿದುಳು ಊದುತ್ತದೆ, ಬುದ್ಧಿ ಕೆಡುತ್ತದೆ. ಹೊಸದೇನೆಂದರೆ, ಈ ಕಣಗಳು ಒಂದು ಔಷಧಿ ಹರಿಯುವಷ್ಟು ಹೊತ್ತು ಮಾತ್ರ ಎಚ್ಚರವಾಗಿರುತ್ತಿದ್ದವು. ರಟ್ಟೆಗೆ ಕಟ್ಟಿದ ಪಟ್ಟಿಯ ಸೂಜಿಯಿಂದ ಔಷಧಿ ಒಳಗೆ ಹೋಗುತ್ತಿತ್ತು, ಎಷ್ಟು ಹೋಗಬೇಕೆಂದು ಆಸ್ಪತ್ರೆಯ ನಿಯಂತ್ರಣ ಕೋಣೆಯಲ್ಲಿ ಕೂತವರು ತೀರ್ಮಾನಿಸುತ್ತಿದ್ದರು. ಔಷಧಿ ತಡೆದು ಲಗಾಮು ಬಿಗಿದರೆ ಕಣಗಳಿಗೆ ಕೆಲವು ಗಂಟೆಗಳಲ್ಲಿ ನಿದ್ದೆ, ಸಡಿಲಿಸಿದರೆ ಮತ್ತೆ ಯುದ್ಧ. ಜ್ವರ ಮತ್ತು ನಾಡಿಯ ಸುದ್ದಿ ಅದೇ ಪಟ್ಟಿಯಿಂದ ಕೋಣೆಗೆ ಬರುತ್ತಿತ್ತು.

ಇದರ ಜೊತೆಗೆ ಕೊನೆಯ ಗುಂಡಿ ಎಂದೊಂದಿತ್ತು. ಅದನ್ನು ಒತ್ತಿದರೆ ಕಣಗಳೆಲ್ಲ ಸಾಯುತ್ತವೆ. ಅದಕ್ಕೆ ಡಾಕ್ಟರ ಹೆಬ್ಬೆರಳೂ ಬೇಕು, ರೋಗಿ ಆರಿಸಿದ ಒಬ್ಬರ ಹೆಬ್ಬೆರಳೂ ಬೇಕು. ಜನ ಅವರನ್ನು ಹೆಬ್ಬೆಟ್ಟಿನವರು ಎಂದು ಕರೆಯುತ್ತಿದ್ದರು. ಹೆಬ್ಬೆಟ್ಟು ಯಾರದು ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು, ಅತ್ತೆ ಸೊಸೆಯರು ಹೊಸದಾಗಿ ಜಗಳ ಕಲಿತಿದ್ದರು. ಯಮನವ್ವ ಯೋಚಿಸಲೇ ಇಲ್ಲ, ಹಸನಬಿಯ ಹೆಸರು ಹೇಳಿದಳು.

"ಒಂದ ಮಾತು," ಎಂದಳು ಅವಳಿಗೆ. "ಕುಸ್ತಿ ನಡಬರಕ ಬಿಡಸಬ್ಯಾಡ. ಚಿತ್ ಆಗೂತನಕ ಆಡಾಕ ಬಿಡು. ಮಣ್ಣು ಮುಟ್ಟಿ ಆಣಿ ಮಾಡು."

ಹಸನಬಿ ನೆಲ ಮುಟ್ಟಿ ಆಣೆ ಮಾಡಿದಳು.

ಲಗಾಮು ಹಾಕಿಕೊಂಡವರು ಆಸ್ಪತ್ರೆಯ ಹತ್ತಿರವೇ ಇರಬೇಕೆಂದು ಕಟ್ಟಳೆ. ಹಿಂದಿನ ಓಣಿಯಲ್ಲಿ ಇಬ್ಬರೂ ಒಂದು ಕೋಣೆ ಹಿಡಿದರು. ಪಕ್ಕದ ಕೋಣೆಯಲ್ಲಿ ನವಲಗುಂದದ ಮೇಷ್ಟ್ರೊಬ್ಬರು ಇದ್ದರು, ಅವರಿಗೂ ಲಗಾಮು. ಜ್ವರ ಬಂದ ಮೊದಲ ದಿನವೇ ಅವರು ಪ್ರಾಮಾಣಿಕವಾಗಿ ಹೇಳಿದರು, ನಿಯಂತ್ರಣ ಕೋಣೆಯವರು ಲಗಾಮು ಬಿಗಿದರು, ಕಣಗಳು ಮಲಗಿದವು. ಮತ್ತೆ ಸಡಿಲಿಸಿದಾಗ ಏಳಲೇ ಇಲ್ಲ, ಕ್ಯಾನ್ಸರ್ ಅವರನ್ನು ತಿಂದುಹಾಕಿತು. ಹೀಗೆ ಆಗುವುದು ನೂರಕ್ಕೆ ಒಬ್ಬಿಬ್ಬರಿಗೆ ಎಂದು ಡಾಕ್ಟರು ಹೇಳಿದರು. ಮೇಷ್ಟ್ರ ಹೆಣ ಓಣಿಯಿಂದ ಹೊರಟಾಗ ಯಮನವ್ವ ಬಾಗಿಲಲ್ಲಿ ನಿಂತು ನೋಡಿದಳು. ನೂರರ ಲೆಕ್ಕ ಅವಳ ತಲೆಗೆ ಹೋಗಲಿಲ್ಲ. ಜ್ವರ ಹೇಳಿದವನು ಸತ್ತ ಎಂಬುದಷ್ಟೇ ಹೋಯಿತು.

ಕಣಗಳು ಒಳಗೆ ಹೋದ ಎರಡನೆಯ ದಿನ ಬೆಳಿಗ್ಗೆ ಅವಳ ಮೈ ಕಾಯತೊಡಗಿತು.

"ಹಸನಬಿ, ತೂಕಕ್ಕ ನಿಲ್ಲೂದೈತಿ," ಎಂದಳು ಯಮನವ್ವ.

ಇದನ್ನು ಬಿಡಿಸಿ ಹೇಳಬೇಕು. ಕುಸ್ತಿಯಲ್ಲಿ ತೂಕ ಹೆಚ್ಚಾದರೆ ಆಡಲು ಬಿಡುವುದಿಲ್ಲ. ಹಾಗಾಗಿ ತೂಕದ ಹೊತ್ತಿಗೆ ಸರಿಯಾಗಿ ನೀರು ಬಿಟ್ಟು, ಕಂಬಳಿ ಹೊದ್ದು ಬೆವರಿಳಿಸಿ, ತಕ್ಕಡಿಯ ಕಣ್ಣಿಗೆ ಮಣ್ಣೆರಚಿ, ಇಳಿದ ಮೇಲೆ ಗಟಗಟನೆ ಕುಡಿಯುವುದು ಪೈಲ್ವಾನರ ಹಳೆಯ ಕೈಚಳಕ. ಇಬ್ಬರೂ ಎಷ್ಟೋ ಹುಡುಗಿಯರನ್ನು ಹೀಗೆ ದಾಟಿಸಿದವರು. ಅವರ ಪಾಲಿಗೆ ಯಂತ್ರ ಎಂದರೆ ಒಂದು ಗಳಿಗೆ ಮೋಸ ಮಾಡಿ ದಾಟಬೇಕಾದ ಬಾಗಿಲು. ಹಸನಬಿ ಪ್ರಶ್ನೆ ಕೇಳದೆ ಐಸು ತಂದು, ಅದರಲ್ಲಿ ಬಟ್ಟೆ ಅದ್ದಿ, ಹಿಂಡಿ ಸೂಜಿ ಜರುಗದಂತೆ ಪಟ್ಟಿಯ ಕೆಳಗೆ ತುರುಕಿದಳು. ಒಣಗಿದ ಹಾಗೆ ಬದಲಿಸುತ್ತ ಕೂತಳು.

ನಿಯಂತ್ರಣ ಕೋಣೆಯಲ್ಲಿ ಪ್ರಾಣೇಶನೆಂಬ ತಂತ್ರಜ್ಞ ಪರದೆ ನೋಡಿ ಆಕಳಿಸಿದ. "ಮೇಡಂ, ಹಳಿಯಾಳದ ಪೈಲ್ವಾನರಿಗೆ ಜ್ವರಾನ ಇಲ್ರಿ. ನಾಡಿ ತೊಂಬತ್ತು, ನಾರ್ಮಲ್."

ಆ ತೊಂಬತ್ತು ನಾರ್ಮಲ್ ಆಗಿರಲಿಲ್ಲ. ಮೂವತ್ತು ವರ್ಷ ಬಸ್ಕಿ ಹೊಡೆದವಳ ನಾಡಿ ಸುಮ್ಮನಿದ್ದಾಗ ಐವತ್ತರ ಆಸುಪಾಸಿನಲ್ಲಿರುತ್ತದೆ. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಗಿರಿಜಾ ಬಳಿಗಾರ ಹುಬ್ಬು ಗಂಟಿಕ್ಕಿದರು. ಜ್ವರವಿಲ್ಲ ಎಂದರೆ ಕಣಗಳು ಸೋಮಾರಿಯಾಗಿ ಕೂತಿವೆ ಎಂದರ್ಥ.

"ಲಗಾಮು ಇನ್ನಷ್ಟು ಸಡಿಲ ಮಾಡು," ಎಂದರು.

ಮರುದಿನವೂ ಅದೇ ಆಯಿತು. ಒಳಗೆ ಕಾಳಗ ಜೋರಾದಷ್ಟೂ ಹಸನಬಿ ಬಟ್ಟೆ ಜೋರಾಗಿ ಬದಲಿಸಿದಳು. ಪರದೆಯ ಮೇಲೆ ತಣ್ಣಗೆ ಕಂಡಷ್ಟೂ ಡಾಕ್ಟರು ಲಗಾಮು ಸಡಿಲಿಸಿದರು. ಬೆಳಗಿನ ವಿಡಿಯೊ ಕರೆಯಲ್ಲಿ ಬುದ್ಧಿ ನೆಟ್ಟಗಿದೆಯೇ ಎಂದು ನೋಡಲು ಡಾಕ್ಟರು ಹೆಸರು ಕೇಳಿದರೆ ಯಮನವ್ವ ಹೆಸರು ಹೇಳಿದಳು, ಇಪ್ಪತ್ತರಿಂದ ಹಿಂದಕ್ಕೆ ಎಣಿಸೆಂದರೆ ಎಣಿಸಿದಳು. ಹಲ್ಲು ಕಚ್ಚಿಕೊಂಡು ಎಣಿಸುತ್ತಿದ್ದಾಳೆಂದು ಹಸನಬಿಗೆ ಮಾತ್ರ ಕಾಣುತ್ತಿತ್ತು.

"ಸಾಕ ಮಾಡೂಣೇನ?" ಎಂದಳು ಹಸನಬಿ ಆ ರಾತ್ರಿ. "ನಿನ್ನ ಮೈ ಮ್ಯಾಲ ರೊಟ್ಟಿ ಬೇಯಿಸಬಹುದು."

"ಗಂಟು ಮುಟ್ಟಿ ನೋಡು."

ಹಸನಬಿ ಮುಟ್ಟಿದಳು. ಕುತ್ತಿಗೆಯ ಗಂಟು ನಿಜವಾಗಿಯೂ ಮೆತ್ತಗಾಗಿತ್ತು, ಬೆರಳಿಗೆ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಅವಳಿಗೆ ಆಸೆ ಹುಟ್ಟಿತು. ಆಸೆಯಷ್ಟು ಕೆಟ್ಟ ಸಲಹೆಗಾರ ಇನ್ನೊಬ್ಬನಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಗಂಜಿ ತಟ್ಟೆ ಹಿಡಿದು ಒಳಗೆ ಬಂದಾಗ ಯಮನವ್ವ ಕೋಣೆಯ ನಡುವೆ ಎದ್ದು ನಿಂತಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು. ಕಣ್ಣು ಕೆಂಪಗಿತ್ತು, ಅದರಲ್ಲಿ ಗುರುತಿರಲಿಲ್ಲ.

"ನನ್ನ ಕಿವಿ ಮುರದಾಕಿ ನೀನ ಅಲ್ಲೇನ?" ಎಂದು ಅವಳು ತೊಡೆ ತಟ್ಟಿದಳು.

"ಯಮನವ್ವಾ, ಕೂಡು. ನಾ ಹಸನಬಿ."

"ನಿನ್ನ ಹೆಸರು ಗೊತ್ತೈತಿ ನಂಗ."

ಬಂದ ರಭಸಕ್ಕೆ ತಟ್ಟೆ ಹಾರಿ ಗೋಡೆಗೆ ಬಡಿಯಿತು. ಹಸನಬಿ ಕಪಾಟಿಗೆ ಅಪ್ಪಳಿಸಿದಳು, ಮೇಲಿದ್ದ ಪಾತ್ರೆಗಳೆಲ್ಲ ಅವಳ ತಲೆಯ ಮೇಲೆ ಸುರಿದವು. ಎದ್ದು ನಿಲ್ಲುವುದರೊಳಗೆ ಮೊಣಕೈಯೊಂದು ಮೂಗಿಗೆ ಬಿದ್ದು ಬಾಯಿತುಂಬ ರಕ್ತ ಬಂತು. ಯಮನವ್ವ ಅವಳನ್ನು ಸೊಂಟ ಹಿಡಿದು ಎತ್ತಿ ಬಾಗಿಲ ಚೌಕಟ್ಟಿಗೆ ಹೊಡೆದಳು. ಎಡ ಭುಜದ ಮೇಲಿನ ಕತ್ತೆಲುಬು ಲಟಕ್ಕೆಂದದ್ದು ಹಸನಬಿಗೆ ನೋವಿಗಿಂತ ಮೊದಲು ಕಿವಿಗೆ ಕೇಳಿಸಿತು. ಮೂರು ವರ್ಷದ ಔಷಧಿಯಲ್ಲಿ ಸೊರಗಿ ಅರ್ಧವಾದ ಮೈಗೆ ಇಷ್ಟು ಬಲ ಎಲ್ಲಿಂದ ಬಂತೋ ದೇವರೇ ಬಲ್ಲ.

ಹಸನಬಿಯ ಮೈ ತಾನಾಗಿಯೇ ಲೆಕ್ಕ ಹಾಕಿತು. ಯಮನವ್ವನ ಬಲಗಾಲು ಮುಂದಿದೆ, ಭಾರವೆಲ್ಲ ಅದರ ಮೇಲಿದೆ. ಕಾಲು ಸಿಕ್ಕಿಸಿ ಎಳೆದರೆ ಮುಗಿಯಿತು, ಬೆಳಗಾವಿಯಿಂದ ಕಾದ ಗಳಿಗೆ ಇದೇ. ಅವಳ ಕಾಲು ಅರ್ಧ ಮುಂದೆ ಹೋಗಿ ನಿಂತಿತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಕಿಯ ಮೈಯಲ್ಲಿ ಉಳಿದಿಲ್ಲ, ತಲೆಗೆ ಪೆಟ್ಟು ಬಿದ್ದರೆ ಮಿದುಳಿನೊಳಗೆ ರಕ್ತ ಸೋರಿ ಸಾಯುತ್ತಾಳೆ ಎಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಕೆಡವಿದರೆ ಕೊಂದ ಹಾಗೆ, ಕೆಡವದಿದ್ದರೆ ತಾನು ಸತ್ತ ಹಾಗೆ. ಯಮನವ್ವನ ತೋಳು ಆಗಲೇ ಅವಳ ಗಂಟಲು ಸುತ್ತಿಕೊಂಡಿತ್ತು.

ಹೊಡೆದಾಟದಲ್ಲಿ ಪಟ್ಟಿಯ ಕೆಳಗಿನ ಒದ್ದೆ ಬಟ್ಟೆ ಜಾರಿ ಬಿತ್ತು.

ನಿಯಂತ್ರಣ ಕೋಣೆಯಲ್ಲಿ ಪ್ರಾಣೇಶ ಕುರ್ಚಿಯಿಂದ ಅರ್ಧ ಎದ್ದ. "ಮೇಡಂ, ಪಟ್ಟಿ ಕೆಟ್ಟೈತಿ ಅನಸ್ತೈತ್ರಿ. ಎರಡ ನಿಮಿಷದಾಗ ತೊಂಬತ್ತೆಂಟರಿಂದ ನೂರಾ ಐದಕ್ಕ ಜಿಗೀತು."

ಗಿರಿಜಾ ಪರದೆ ನೋಡಿದರು. ನಾಡಿ ನೂರಾ ಎಂಬತ್ತು ತೋರಿಸುತ್ತಿತ್ತು. "ಪಟ್ಟಿ ಕೆಟ್ಟಿಲ್ಲ," ಎಂದರು ನಿಧಾನವಾಗಿ. "ಜ್ವರ ಹಂಗ ಜಿಗಿಯೂದಿಲ್ಲ. ಇಷ್ಟು ದಿನ ಯಾರೋ ಮುಚ್ಚಿಟ್ಟಾರ. ಲಗಾಮು ಬಿಗಿ, ಪೂರ್ತಿ ಬಿಗಿ." ಹೇಳುತ್ತಲೇ ಅವರು ಮೆಟ್ಟಿಲಿಳಿದು ಓಡಿದರು. ಬಿಗಿದರೂ ಕಣಗಳಿಗೆ ನಿದ್ದೆ ಹತ್ತಲು ಗಂಟೆಗಳು ಬೇಕೆಂದು ಅವರಿಗೆ ಗೊತ್ತಿತ್ತು.

ಓಣಿಯ ಕೋಣೆಯಲ್ಲಿ ಹಸನಬಿಯ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಬಾಯಿಬಿಟ್ಟು ಬೇಡಿಕೊಳ್ಳಲು ಗಂಟಲಲ್ಲಿ ಗಾಳಿಯಿಲ್ಲ, ಇದ್ದರೂ ಇವಳಿಗೆ ಮಾತು ತಿಳಿಯುವ ಸ್ಥಿತಿಯಿಲ್ಲ. ಬುದ್ಧಿ ಸುಟ್ಟುಹೋದ ಮೇಲೆ ಇವಳೊಳಗೆ ಉಳಿದಿರುವುದೇನು? ಅಖಾಡ ಉಳಿದಿದೆ. ತೊಡೆ ತಟ್ಟುವುದು ಮರೆತಿಲ್ಲ, ಕಚ್ಚೆ ಮರೆತಿಲ್ಲ. ಹಾಗಾದರೆ ಇನ್ನೊಂದನ್ನೂ ಮರೆತಿರಲಾರಳು.

ಹಸನಬಿ ಮೊಣಕಾಲು ಸಡಿಲಿಸಿದಳು. ಗಂಟಲಿಗೆ ಬಿದ್ದ ತೋಳಿನ ಜೊತೆಗೇ ಪಕ್ಕಕ್ಕೆ ಹೊರಳಿ, ಮುರಿದ ಕತ್ತೆಲುಬಿನ ಮೇಲೆ ಉರುಳಿ, ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಅಂಗಾತ ಮಲಗಿದಳು. ಹುಟ್ಟಿದಾರಭ್ಯ ಒಬ್ಬರ ಎದುರಿಗೂ ನೆಲ ಮುಟ್ಟದ ಬೆನ್ನು ಅದು. ಮುಟ್ಟಿಸುವಾಗ ಅವಳಿಗೆ ಅಳು ಬಂತು, ಕತ್ತೆಲುಬಿನ ನೋವಿಗಲ್ಲ.

ಯಮನವ್ವನ ತೋಳು ಸಡಿಲವಾಯಿತು. ಅವಳು ಕೈ ಬಿಟ್ಟಳು. ಎದ್ದು ನಿಂತಳು. ಗಿರಿಜಾ ಬಳಿಗಾರ ಬಾಗಿಲಿಗೆ ಬಂದಾಗ ಕಂಡದ್ದು, ರಕ್ತ ಮೆತ್ತಿದ ಸೀರೆಯ ಹೆಂಗಸೊಬ್ಬಳು ಯಾರೂ ಇಲ್ಲದ ನಾಲ್ಕು ಗೋಡೆಗಳಿಗೆ ಬಲಗೈ ಎತ್ತಿ ತೋರಿಸುತ್ತ ನಿಂತಿರುವುದು. ಮರುಗಳಿಗೆ ಅವಳು ಕಡಿದ ಮರದಂತೆ ಉರುಳಿದಳು. ಹಸನಬಿ ನೆಲದಲ್ಲೇ ತೆವಳಿ ಅವಳ ತಲೆಯ ಕೆಳಗೆ ತನ್ನ ಹೊಟ್ಟೆ ಕೊಟ್ಟಳು.

ತೀವ್ರ ನಿಗಾ ಘಟಕದಲ್ಲಿ ಕಣಗಳ ಕೂಗು ಅಡಗಿಸುವ ಮದ್ದು ಕೊಟ್ಟರು. ಹತ್ತಲಿಲ್ಲ. ರಕ್ತದೊತ್ತಡ ಇಳಿಯುತ್ತಲೇ ಇತ್ತು, ಮೂತ್ರ ನಿಂತಿತು, ಮೈ ಅದುರುತ್ತಿತ್ತು. ಹಸನಬಿ ಕತ್ತೆಲುಬಿಗೆ ಪಟ್ಟಿ ಸುತ್ತಿಸಿಕೊಂಡು ಬಂದು ಎಲ್ಲವನ್ನೂ ಹೇಳಿದಳು: ಐಸು, ಬಟ್ಟೆ, ಮೇಷ್ಟ್ರ ಹೆಣ.

ಗಿರಿಜಾ ಕೈಯಲ್ಲಿದ್ದ ಕಡತವನ್ನು ಮೇಜಿಗೆ ಬಡಿದರು. "ತಣ್ಣಗ ಐತಿ ಅಂತ ನಾ ಸಡಿಲ ಮಾಡಕೋತ ಹ್ವಾದೆ. ನೀವು ಕೊಳ್ಳಿ ಮುಚ್ಚಿಟ್ರಿ, ನಾ ಎಣ್ಣಿ ಹಾಕಿದೆ. ಇಬ್ಬರೂ ಸೇರಿ ಕೊಂದಿವಿ ಅಕಿನ್ನ."

"ಇನ್ನೂ ಸತ್ತಿಲ್ರಿ."

"ಹಂಗಾರ ಹೆಬ್ಬೆಟ್ಟು ಒತ್ರಿ. ಕಣ ಎಲ್ಲಾ ಸಾಯ್ತಾವ. ಆಮ್ಯಾಲ ಕ್ಯಾನ್ಸರ್ ಉಳದಿದ್ರ ಹೊಡಿಯಾಕ ಸದ್ಯಕ್ಕ ನನ್ನ ಕಡೆ ಏನೂ ಇಲ್ಲ, ಅದನ್ನೂ ಕೇಳ್ಕೊಂಡ ಒತ್ರಿ. ಒತ್ತದಿದ್ರ ಸಂಜಿತನಕ ಇರೂದಿಲ್ಲ."

ಹಸನಬಿ ಗಾಜಿನ ಆಚೆ ನೋಡಿದಳು. ಕುಸ್ತಿ ನಡಬರಕ ಬಿಡಸಬ್ಯಾಡ ಎಂದು ಆಣೆ ಮಾಡಿಸಿಕೊಂಡವಳ ಕೈ ಹಾಸಿಗೆಯ ಕಂಬಿಗೆ ಕಟ್ಟಿಸಿಕೊಂಡು ಅದುರುತ್ತಿತ್ತು.

"ಕುಸ್ತಿ ಮುಗದೈತ್ರಿ," ಎಂದಳು ಕೊನೆಗೆ. "ನಾ ಚಿತ್ ಆಗೇನಿ, ನೀವ ನೋಡೀರಿ. ಆ ಕಣ ಇನ್ನೂ ಬಡಿಯಾಕತ್ತಾವಂದ್ರ ಬಿದ್ದಾಕಿನ್ನ ಬಡಿಯಾಕತ್ತಾವ. ಅಂಥವು ಗರಡ್ಯಾಗ ಇರಬಾರದು."

ಅವಳು ಹೆಬ್ಬೆರಳು ಒತ್ತಿದಳು. ಪಕ್ಕದಲ್ಲಿ ಗಿರಿಜಾ ತಮ್ಮದನ್ನು ಒತ್ತಿದರು.

ಯಮನವ್ವ ಬದುಕಿದಳು. ಮೂತ್ರಪಿಂಡ ಸರಿಯಾಗಲು ವಾರಗಳು ಬೇಕಾದವು, ಬಲಗೈಯ ಹಿಡಿತ ಮೊದಲಿನಂತೆ ಬರಲೇ ಇಲ್ಲ, ಗರಡಿಯ ಹುಡುಗಿಯರ ಹೆಸರು ಒಂದೊಂದು ಸಲ ತಪ್ಪುತ್ತಿತ್ತು. ಕುತ್ತಿಗೆಯ ಗಂಟು ಮಾಯವಾಗಿತ್ತು. ಮುಚ್ಚಿಟ್ಟ ಜ್ವರದ ದಿನಗಳಲ್ಲಿ ಕಣಗಳು ಅಷ್ಟನ್ನು ತಿಂದಿದ್ದವು. ಮುಚ್ಚಿಡದಿದ್ದರೂ ತಿನ್ನುತ್ತಿದ್ದವೋ ಏನೋ, ಅದನ್ನು ಹೇಳಬಲ್ಲವರು ಯಾರೂ ಇಲ್ಲ. ಇದಾದ ಮೇಲೆ ಆ ಆಸ್ಪತ್ರೆಯಲ್ಲಿ ಹೊಸ ರೋಗಿ ಬಂದರೆ ಮೊದಲು ಕೇಳುವ ಪ್ರಶ್ನೆ, ನೀವು ಏನು ಕೆಲಸ ಮಾಡುತ್ತೀರಿ ಎಂಬುದು.

ಊರಿಗೆ ಬಂದ ಯಮನವ್ವನಿಗೆ ಆ ಮಧ್ಯಾಹ್ನದ್ದು ಒಂದೇ ನೆನಪು, ತಾನು ಹಸನಬಿಯನ್ನು ಚಿತ್ ಮಾಡಿದ್ದು. ಅದನ್ನು ಅವಳು ಗರಡಿಯಲ್ಲಿ ಹೇಳಿದಳು, ಸಂತೆಯಲ್ಲಿ ಹೇಳಿದಳು, ಹಾಲಿನವನಿಗೂ ಹೇಳಿದಳು. "ಬೇಕಾರ ಅಕಿನ್ನ ಕೇಳ್ರಿ" ಎನ್ನುತ್ತಿದ್ದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರನ್ನು ಊರು ಬೇಕಾದಷ್ಟು ಕಂಡಿತ್ತು. ಹಸನಬಿ ಹಾಗನ್ನಲಿಲ್ಲ. ಸೊಟ್ಟಗೆ ಕೂಡಿಕೊಂಡ ಕತ್ತೆಲುಬಿನ ಮೇಲೆ ಕೈಯಿಟ್ಟು, "ಹೌದು, ಚಿತ್ ಮಾಡಿದ್ಲು," ಎಂದಷ್ಟೇ ಹೇಳುತ್ತಿದ್ದಳು.

ವರ್ಷ ಕಳೆದ ಮೇಲೆ ಯಮನವ್ವನ ಸ್ಕ್ಯಾನಿನಲ್ಲಿ ಜೋಳದ ಕಾಳಿನಷ್ಟು ನೆರಳು ಕಂಡಿತು. ಅಷ್ಟರಲ್ಲಿ ಅವಳ ಮಜ್ಜೆ ಚೇತರಿಸಿಕೊಂಡಿತ್ತು, ಮತ್ತೆ ಕಣಗಳನ್ನು ಬೆಳೆಸಬಹುದು ಎಂದರು. ಅದೇ ಓಣಿ, ಅದೇ ಕೋಣೆ, ರಟ್ಟೆಗೆ ಹೊಸ ಪಟ್ಟಿ. ಈ ಸಲ ಪ್ರಾಣೇಶ ಮೊದಲೇ ಅವಳ ನಾಡಿ ಎಣಿಸಿಟ್ಟಿದ್ದ.

ಮೂರನೆಯ ಬೆಳಿಗ್ಗೆ ಯಮನವ್ವನ ಹಣೆಯಲ್ಲಿ ಬೆವರು ಒಡೆದದ್ದನ್ನು ನೋಡಿ, ಒರೆಸಲೆಂದು ಹಸನಬಿ ಒಂದು ಬಟ್ಟೆ ನೀರಿನಲ್ಲಿ ಅದ್ದಿದಳು. ಯಮನವ್ವನ ಕಣ್ಣು ಬಟ್ಟೆಯ ಮೇಲೆ ನಿಂತಿತು.

"ಒಗಿ ಅದನ್ನ. ಡಾಕ್ಟರಿಗೆ ಫೋನ್ ಹಚ್ಚು."

"ಯಾಕ? ಪಟ್ಟಿ ತಾನ ಹೇಳ್ತೈತಿ."

"ಪಟ್ಟಿ ಹೇಳೂಕಿಂತ ಮೊದಲ ನಾ ಹೇಳ್ತೇನಿ. ಮೈ ಸುಡಾಕತ್ತೈತಿ, ತಲಿ ಸಿಡೀತೈತಿ. ಅಂಜಿಕಿ ಆಗೈತಿ ನಂಗ."

ಈ ಬಾಯಿಂದ ಈ ಮಾತು ಬರಬಹುದೆಂದು ಹಸನಬಿ ಕನಸಿನಲ್ಲೂ ಎಣಿಸಿರಲಿಲ್ಲ.

"ಆವತ್ತು ನೀನ ಮಲಗಿದಿ," ಎಂದಳು ಯಮನವ್ವ. "ನಾ ಕೆಡವಲಿಲ್ಲ."

"ಗೊತ್ತಿತ್ತೇನ ನಿಂಗ? ಮತ್ತ ಊರ ತುಂಬ..."

"ನಿನ್ನ ಕೆಡವೂದು ಅಷ್ಟು ಹಗುರ ಇದ್ದಿದ್ರ ಬೆಳಗಾವ್ಯಾಗ ಕೆಡವ್ತಿದ್ದೆ. ನೀ ಇಲ್ಲ ಅಂತೀಯೇನೋ ಅಂತ ಒಂದ ವರ್ಷ ದಾರಿ ನೋಡಿದೆ, ನೀ ಅನ್ನಲಿಲ್ಲ." ಅವಳು ಹಿಡಿತವಿಲ್ಲದ ಬಲಗೈಯನ್ನು ಎತ್ತಿ ಹಸನಬಿಯ ಸೊಟ್ಟ ಕತ್ತೆಲುಬಿನ ಮೇಲೆ ಇಟ್ಟಳು. "ನನ್ನ ಸಲುವಾಗಿ ಇನ್ನೊಮ್ಮೆ ಬೀಳಬ್ಯಾಡ. ಫೋನ್ ಹಚ್ಚು."

ಹಸನಬಿ ಒದ್ದೆ ಬಟ್ಟೆಯನ್ನು ಬಾಗಿಲಾಚೆ ಎಸೆದು ಫೋನ್ ಹಚ್ಚಿದಳು.